ಸೋಲಾರ್ ಮನೆಗೊಂದು ಗ್ಯಾಸ್ ಗೀಸರ್

“ಛಾವಣಿ ತುಂಬ ಸೋಲಾರ್ ಇಟ್ಕೊಂಡು ಗ್ಯಾಸ್ ಗೀಸರ್ ಯಾಕ್ರೀ?” 2025ರ ಆಷಾಢದಿಂದ ಮಾರ್ಗಶಿರದವರೆಗೆ ಈ ಪ್ರಶ್ನೆಯನ್ನು ನೆಂಟರು ಕೇಳಿದರು, ಅಂಗಡಿಯವರು ಕೇಳಿದರು, ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿ ಕೂತಿದ್ದ ಹುಡುಗಿಯೂ ಕೇಳಿದಳು. ಗೀಸರ್ ಈಗ ಗೋಡೆಗೆ ಬಂದಿದೆ, ಚೆನ್ನಾಗಿ ಕೆಲಸ ಮಾಡುತ್ತಿದೆ. ಇದೇ ದಾರಿ ಹಿಡಿಯುವವರು ನನ್ನಷ್ಟು ಅಲೆಯದಿರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಮನೆ ಮೈಸೂರಿನ ರಾಮಕೃಷ್ಣನಗರದಲ್ಲಿದೆ. ಕೆಳಗೆ ಅತ್ತೆಯವರ ಕೋಣೆ, ಅಡುಗೆಮನೆ, ಒಂದು ಬಚ್ಚಲು. ಮೇಲಿನ ಮಹಡಿಯಲ್ಲಿ ನಮ್ಮ ಕೋಣೆಗಳು, ಇನ್ನೊಂದು ಬಚ್ಚಲು. ಛಾವಣಿಯ ಮೇಲೆ ಎರಡು ಬಗೆಯ ಸೋಲಾರ್ ಇದೆ. ಒಂದು, ಮಾವನವರ ಕಾಲದಲ್ಲೇ ಹಾಕಿಸಿದ 200 ಲೀಟರಿನ ಬಿಸಿನೀರಿನ ಸೋಲಾರ್. ಇನ್ನೊಂದು, ಕರೆಂಟಿನ ಪ್ಯಾನೆಲ್‌ಗಳು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿ, 78,000 ರೂಪಾಯಿ ಸಬ್ಸಿಡಿಯನ್ನೂ ಪಡೆದಿದ್ದೆವು. ಬಿಸಿಲಿನ ದಿನ ಹನ್ನೆರಡು ಯೂನಿಟ್ ಆಸುಪಾಸು ಬರುತ್ತದೆ. ನಾವು ಲೈನಿಗೆ ಕೊಟ್ಟ ಯೂನಿಟ್ಟನ್ನು ಬಳಸಿದ್ದರಲ್ಲಿ ಕಳೆಯುವ ನೆಟ್ ಮೀಟರ್ ಕೂತ ಮೇಲೆ, ನಮ್ಮ ಕಡೆಯ ವಿದ್ಯುತ್ ಕಂಪನಿಯಾದ ಸೆಸ್ಕ್‌ನ ಬಿಲ್ಲಿನ ಚಿಂತೆ ಹೆಚ್ಚುಕಡಿಮೆ ಮುಗಿದೇಹೋಗಿತ್ತು.

ಆಷಾಢ ಬಂತು. ಮೋಡ ಕವಿದು ಜಡಿ ಹಿಡಿದರೆ ಬಿಸಿನೀರಿನ ಸೋಲಾರ್ ಬೆಚ್ಚಗಿನ ನೀರು ಕೊಟ್ಟರೆ ಹೆಚ್ಚು. ಬಚ್ಚಲ ಅಟ್ಟದ ಮೇಲಿದ್ದ ಹಳೆಯ ಕರೆಂಟ್ ಗೀಸರಿನ ಟ್ಯಾಂಕು ತುಕ್ಕು ಹಿಡಿದು ಸೋರತೊಡಗಿ ಅದನ್ನು ಇಳಿಸಿಯಾಗಿತ್ತು. ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ, ಕೀಲುನೋವು ಇದೆ. ಬೆಳಗಿನ ಐದಕ್ಕೆ ಸ್ನಾನ ಮಾಡಿ ದೇವರ ಮುಂದೆ ಕೂರದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ. ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಹೊರಡುವ ನೆಂಟರೂ ನಮ್ಮಲ್ಲೇ ಉಳಿದು ನಸುಕಿನಲ್ಲೇ ಬಚ್ಚಲಿಗೆ ಸಾಲು ನಿಲ್ಲುತ್ತಾರೆ. ಅಂಥ ಒಂದು ಶುಕ್ರವಾರ ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ನಮ್ಮ ರಸ್ತೆಯ ಕರೆಂಟು ಮಧ್ಯಾಹ್ನದವರೆಗೆ ಬರಲಿಲ್ಲ. ಒಂಬತ್ತರ ಹೊತ್ತಿಗೆ ಮಳೆ ಬಿಟ್ಟು ಬಿಸಿಲು ಚೆನ್ನಾಗಿಯೇ ಬಿದ್ದರೂ ಪ್ಯಾನೆಲ್ಲಿನ ಕರೆಂಟನ್ನು ಮನೆಯ ಬಳಕೆಗೆ ಒಗ್ಗಿಸಿಕೊಡುವ ನಮ್ಮ ಇನ್ವರ್ಟರ್ ಸುಮ್ಮನೆ ನಿಂತಿತ್ತು.

ಪ್ಯಾನೆಲ್ ಹಾಕಿಸುವಾಗ ಬಹಳ ಜನರಿಗೆ ಯಾರೂ ಬಿಡಿಸಿ ಹೇಳದ ಸಂಗತಿ ಇದು. ಬ್ಯಾಟರಿ ಇಲ್ಲದೆ ನೇರ ಊರಿನ ಲೈನಿಗೆ ಜೋಡಿಸಿದ ಸೋಲಾರ್, ಅಂದರೆ ಆನ್-ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಂತುಬಿಡುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ನಮ್ಮ ಛಾವಣಿಯಿಂದ ಹೊರಟ ಕರೆಂಟು ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯುತ್ತದೆ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಪಕ್ಕದ ಮನೆಯ ಹಿರಿಯರು ಇದನ್ನು ನನಗೆ ಕಾಗದದ ಮೇಲೆ ಗೆರೆ ಎಳೆದು ವಿವರಿಸಿದರು. “ನಿಮ್ಮ ಪ್ಯಾನೆಲ್ ಬಿಲ್ ಇಳಿಸೋಕೆ ಇರೋದಮ್ಮ, ಕರೆಂಟ್ ಹೋದಾಗ ಕಾಪಾಡೋಕಲ್ಲ” ಎಂದರು. ಯಾಕೆ ಗ್ಯಾಸ್ ಎಂದು ಕೇಳಿದವರಿಗೆಲ್ಲ ನಾನು ಕೊಟ್ಟ ಉತ್ತರ ಇದೇ.

ಬೇರೆ ದಾರಿಗಳನ್ನೂ ನೋಡದೆ ಬಿಡಲಿಲ್ಲ. ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್‌ಗೆ ಬದಲಾಯಿಸಬಹುದು. ಆದರೆ 3 ಕಿಲೋವ್ಯಾಟ್ ಎಳೆಯುವ ಇನ್‌ಸ್ಟಂಟ್ ಗೀಸರನ್ನು ಬ್ಯಾಟರಿಯ ಮೇಲೆ ಓಡಿಸುವುದೆಂದರೆ ಇನ್ವರ್ಟರಿನ ಶಕ್ತಿಯೆಲ್ಲ ಅದೊಂದಕ್ಕೇ ಹೋಗುತ್ತದೆ. ಖರ್ಚೂ ನಮ್ಮ ಕೈಗೆ ಮೀರಿದ್ದು. ಮನೆಯ ಹಿಂದೆ ಹಂಡೆ ಒಲೆ ಹಾಕೋಣ ಎಂದು ಅತ್ತೆ ಹೇಳಿದರು. ಆದರೆ ಹೊಗೆಗೆ ಅವರಿಗೇ ಕೆಮ್ಮು ಬರುತ್ತದೆ, ಸೌದೆಗೆ ಜಾಗವೂ ಇಲ್ಲ.

ಆಮೇಲೆ ಲೆಕ್ಕಕ್ಕೆ ಕೂತೆ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು 400 ಕಿಲೋ ಕ್ಯಾಲೊರಿ ಬೇಕು, ಅಂದರೆ ಹತ್ತಿರ ಹತ್ತಿರ ಅರ್ಧ ಯೂನಿಟ್ ಕರೆಂಟು. ಒಂದು ಕಿಲೋ ಅಡುಗೆ ಅನಿಲ ಸುಮಾರು 11,000 ಕಿಲೋ ಕ್ಯಾಲೊರಿ ಶಾಖ ಕೊಡುತ್ತದೆ. ಗೀಸರಿನಲ್ಲಿ ಐದನೇ ಒಂದು ಪಾಲು ಹಾಳಾಗುತ್ತದೆ ಎಂದಿಟ್ಟುಕೊಂಡರೆ ಬಕೆಟ್ಟಿಗೆ 45 ಗ್ರಾಂ ಗ್ಯಾಸ್. 14.2 ಕಿಲೋ ಸಿಲಿಂಡರಿನಲ್ಲಿ ಮುನ್ನೂರು ಚಿಲ್ಲರೆ ಬಕೆಟ್ ನೀರು ಕಾಯುತ್ತದೆ. ನಾನು ಲೆಕ್ಕ ಹಾಕಿದಾಗ ಸಿಲಿಂಡರಿಗೆ 850 ರೂಪಾಯಿಯ ಆಸುಪಾಸು ಇತ್ತು, ಕರೆಂಟ್ ಯೂನಿಟ್ಟಿಗೆ ಆರು ರೂಪಾಯಿ ಹಿಡಿದೆ. ಎರಡರಲ್ಲೂ ಬಕೆಟ್ಟಿಗೆ ಮೂರು ರೂಪಾಯಿಯ ಒಳಗೇ ಬಂತು. ಹಾಗಾಗಿ ಉಳಿತಾಯಕ್ಕೆಂದು ಗ್ಯಾಸ್ ಗೀಸರ್ ಹಾಕಿಸುವವರು, ಮನೆಯಲ್ಲಿ ಪ್ಯಾನೆಲ್ ಇದ್ದರೆ, ಇನ್ನೊಮ್ಮೆ ಯೋಚಿಸಿ. ಪ್ಯಾನೆಲ್ಲಿನ ಕರೆಂಟು ಮಿಕ್ಕುತ್ತಿದ್ದರೆ ಅದಕ್ಕೆ ಸಿಗುವ ಬೆಲೆ ನಾವು ಕೊಳ್ಳುವ ದರಕ್ಕಿಂತ ತುಂಬ ಕಡಿಮೆ. ಆ ಯೂನಿಟ್ಟುಗಳನ್ನು ನೀರು ಕಾಯಿಸಲು ಬಳಸುವುದೇ ಲಾಭ. ನೆಟ್ ಮೀಟರ್ ಇದ್ದರೆ ಬೆಳಗಿನ ಜಾವ ಗೀಸರ್ ಹಾಕಿದರೂ ಮಧ್ಯಾಹ್ನ ಕೊಟ್ಟ ಯೂನಿಟ್ಟಿಗೆ ವಜಾ ಆಗುತ್ತದೆ. ಗ್ಯಾಸ್ ಬೇಕಾಗುವುದು ಕರೆಂಟು ಇಲ್ಲದ, ಬಿಸಿಲೂ ಇಲ್ಲದ ಹೊತ್ತಿಗೆ. ನಮ್ಮ ಮನೆಗೆ ಅಂಥ ಹೊತ್ತಿನಲ್ಲಿ ಅತ್ತೆಯವರ ಸ್ನಾನಕ್ಕೆ ನೀರು ಬೇಕಿತ್ತು. ಇದು ಖಚಿತವಾದ ಮೇಲೆ ಯಾವ ಗೀಸರ್ ಎನ್ನುವ ಪ್ರಶ್ನೆ ಬಹಳ ಸಣ್ಣದಾಯಿತು.

ಶ್ರಾವಣದಲ್ಲಿ ಅಂಗಡಿಗಳ ಸುತ್ತಾಟ. ಅಶೋಕ ರಸ್ತೆ, ಶಿವರಾಂಪೇಟೆ, ಆಮೇಲೆ ಕುವೆಂಪುನಗರದ ಕಡೆ. ಎಲ್ಲ ಕಡೆಯೂ ಮಾತು ಲೀಟರಿನಿಂದ ಶುರು: ಆರು ಲೀಟರಾ, ಹತ್ತು ಲೀಟರಾ? ಡಬ್ಬದ ಮೇಲೆ ‘6 ಲೀಟರ್’ ಎಂದಿದ್ದರೆ ಒಂದು ನಿಮಿಷಕ್ಕೆ ಆರು ಲೀಟರ್ ನೀರನ್ನು ಇಪ್ಪತ್ತೈದು ಡಿಗ್ರಿಯಷ್ಟು ಏರಿಸಬಲ್ಲದು ಎಂದು ಅರ್ಥ. ಅದರಲ್ಲಿ ಟ್ಯಾಂಕ್ ಇರುವುದಿಲ್ಲ. ಮೈಸೂರಿನ ಚಳಿಗೆ, ಒಂದು ಬಚ್ಚಲಿಗೆ ಇಷ್ಟು ಧಾರಾಳ. ಹತ್ತು ಲೀಟರಿನದು ಹೆಚ್ಚು ಗ್ಯಾಸ್ ಕೇಳುತ್ತದೆ, ನೀರಿನ ಒತ್ತಡವನ್ನೂ ಹೆಚ್ಚು ಕೇಳುತ್ತದೆ. ಮನೆಯ ಸಾಮಾನ್ಯ ರೆಗ್ಯುಲೇಟರ್ ಅದನ್ನು ಸಾಕಲಾರದು.

ಒತ್ತಡದ ವಿಷಯವನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ನಲ್ಲಿ ತಿರುಗಿಸಿದಾಗ ನೀರಿನ ಒತ್ತಡಕ್ಕೆ ಒಳಗಿನ ರಬ್ಬರ್ ಪೊರೆ ಉಬ್ಬಿ ಸ್ವಿಚ್ ಒತ್ತಿದರೆ ಮಾತ್ರ ಕಿಡಿ ಹಾರಿ ಉರಿ ಹತ್ತುತ್ತದೆ. ನೀರಿನ ಟ್ಯಾಂಕು ಹತ್ತು ಮೀಟರ್ ಎತ್ತರದಲ್ಲಿದ್ದರೆ ಒಂದು ಬಾರ್ ಒತ್ತಡ. ನಮ್ಮ ಟ್ಯಾಂಕಿನಿಂದ ಕೆಳಗಿನ ಬಚ್ಚಲಿಗೆ ಆರು ಮೀಟರಿಗೂ ಮಿಗಿಲು ಇಳಿತ ಇದೆ, ಅದು ಸಾಕು. ಮೇಲಿನ ಮಹಡಿಗೆ ಎರಡೂವರೆ ಮೀಟರ್ ಕೂಡ ಇಲ್ಲ. ಅಲ್ಲಿ ಉರಿ ಹತ್ತುವುದು ಅನುಮಾನ. ಪ್ರೆಷರ್ ಪಂಪ್ ಹಾಕಿಸಿ ಎಂದರು. ಪಂಪಿಗೆ ಕರೆಂಟು ಬೇಕು, ನಾವು ಗೀಸರ್ ಹಾಕುತ್ತಿರುವುದೇ ಕರೆಂಟು ಇಲ್ಲದ ಹೊತ್ತಿಗೆ. ಆದ್ದರಿಂದ ಮೇಲಿನ ಬಚ್ಚಲನ್ನು ಕೈಬಿಟ್ಟು, ಅಲ್ಲಿಗೆ ಸಣ್ಣದೊಂದು ಕರೆಂಟ್ ಗೀಸರ್ ಸಾಕೆಂದು ತೀರ್ಮಾನಿಸಿದೆ.

ಇನ್ನೊಂದು ಪ್ರಶ್ನೆಗೆ ಅಂಗಡಿಗೊಂದು ಉತ್ತರ ಸಿಕ್ಕಿತು. ಸೋಲಾರಿನಿಂದ ಬರುವ ಬೆಚ್ಚಗಿನ ನೀರನ್ನೇ ಗ್ಯಾಸ್ ಗೀಸರಿಗೆ ಕೊಟ್ಟರೆ ಗ್ಯಾಸ್ ಉಳಿಯುವುದಿಲ್ಲವೇ? ಕೇಳಲು ಬಹಳ ಜಾಣತನದ ಯೋಜನೆ. ಒಬ್ಬರು “ಧಾರಾಳವಾಗಿ ಕೊಡಿ” ಎಂದರು, ಇನ್ನೊಬ್ಬರು “ಗ್ಯಾರಂಟಿ ಹೋಗುತ್ತೆ” ಎಂದರು. ನಾನು ಕೈಪಿಡಿಯನ್ನೇ ಕೇಳಿ ಇಸಕೊಂಡು ಓದಿದೆ. ಸಾಧಾರಣ ಗ್ಯಾಸ್ ಗೀಸರಿನಲ್ಲಿ ಉರಿಯ ಪ್ರಮಾಣವನ್ನು ನಾವು ಗುಂಡಿ ತಿರುಗಿಸಿ ನಿಲ್ಲಿಸುತ್ತೇವೆ. ಒಳಗೆ ಬರುವ ನೀರು ತಣ್ಣಗಿದೆಯೋ ಬಿಸಿಯಾಗಿದೆಯೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಒಳಗೆ 40 ಡಿಗ್ರಿಯ ನೀರು ಹೋದರೆ ಹೊರಗೆ 65 ಡಿಗ್ರಿಯ ನೀರು ಬರುತ್ತದೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ವಯಸ್ಸಾದವರ ಚರ್ಮವನ್ನು ಇನ್ನೂ ಬೇಗ. ಮೇಲಾಗಿ ಬೋರ್ ನೀರಾದರೆ ಅಷ್ಟು ಶಾಖಕ್ಕೆ ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟುವುದು ಜೋರಾಗುತ್ತದೆ. ಹೊರಬರುವ ನೀರಿನ ಶಾಖವನ್ನು ನೋಡಿಕೊಂಡು ಉರಿಯನ್ನು ತಾನೇ ಏರಿಳಿಸುವ ಗೀಸರುಗಳೂ ಇವೆ. ಅವುಗಳ ಬೆಲೆ ಹಲವು ಪಟ್ಟು ಹೆಚ್ಚು, ಒಳಗಿನ ಫ್ಯಾನಿಗೂ ಸರ್ಕ್ಯೂಟಿಗೂ ಮನೆಯ ಕರೆಂಟು ಬೇಕು. ಬ್ಯಾಟರಿ ಸಮೇತ ಸೋಲಾರ್ ಇರುವ ಮನೆಗೆ ಅದು ಒಳ್ಳೆಯ ಆಯ್ಕೆ, ಫ್ಯಾನ್ ಎಳೆಯುವ ಕರೆಂಟು ಬಲ್ಬು ಎಳೆಯುವಷ್ಟೇ. ಆನ್-ಗ್ರಿಡ್ ಇರುವ ನಮ್ಮಂಥವರಿಗೆ ಅದು ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಹಾಗಾಗಿ ಸರಳವಾದ ಆರು ಲೀಟರಿನದನ್ನೇ ಆರಿಸಿದೆ. ಟಾರ್ಚಿಗೆ ಹಾಕುವ ದಪ್ಪ ಬ್ಯಾಟರಿ ಎರಡಿದ್ದರೆ ಕಿಡಿ ಹಾರುತ್ತದೆ, ಬೇರೆ ಕರೆಂಟು ಬೇಡ. ಕೊಳ್ಳುವಾಗ ನಾನು ಪಟ್ಟುಹಿಡಿದು ನೋಡಿದ್ದು ಇಷ್ಟು: ಐಎಸ್‌ಐ ಗುರುತು ಮತ್ತು ಅದರ ಜೊತೆ ಐಎಸ್ 15558 ಎಂಬ ಸಂಖ್ಯೆ, ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ವ್ಯವಸ್ಥೆ, ನೀರು ವಿಪರೀತ ಕಾದರೆ ಆರುವ ವ್ಯವಸ್ಥೆ, ಇಪ್ಪತ್ತು ನಿಮಿಷಕ್ಕೆ ತಾನಾಗಿ ನಿಲ್ಲುವ ಟೈಮರ್. ಡಬ್ಬದ ಮೇಲೆ ಎಲ್‌ಪಿಜಿ ಎಂದಿದೆಯೇ ಎಂದೂ ನೋಡಿಕೊಳ್ಳಿ. ಮೈಸೂರಿನ ಕೆಲವು ಬಡಾವಣೆಗಳಿಗೆ ಕೊಳವೆ ಗ್ಯಾಸ್ ಬರುತ್ತಿದೆ. ಅದರ ಒತ್ತಡವೂ ಬೇರೆ, ಗೀಸರಿನೊಳಗೆ ಗ್ಯಾಸ್ ಚಿಮ್ಮುವ ಸಣ್ಣ ತೂತು, ಅಂದರೆ ಜೆಟ್ಟೂ ಬೇರೆ. ಎಲ್‌ಪಿಜಿಯದ್ದನ್ನು ಹಾಗೇ ಅದಕ್ಕೆ ಜೋಡಿಸುವಂತಿಲ್ಲ.

ಗೀಸರಿಗೆ ದುಡ್ಡು ಕಟ್ಟುವ ಮೊದಲು ಎರಡನೇ ಸಿಲಿಂಡರ್ ಮಾಡಿಸೋಣವೆಂದು ಗ್ಯಾಸ್ ಏಜೆನ್ಸಿಗೆ ಹೋದೆ. ನಮಗಿದ್ದದ್ದು ಒಂದೇ ಸಿಲಿಂಡರಿನ ಕನೆಕ್ಷನ್. ಗೀಸರೂ ಬಂದರೆ ಅದು ಮುಗಿದ ದಿನ ಅಡುಗೆಯೂ ಇಲ್ಲ, ಸ್ನಾನವೂ ಇಲ್ಲ. ಠೇವಣಿ 2,200 ರೂಪಾಯಿ ಕಟ್ಟಿದರೆ ಮುಗಿಯಿತು ಎಂದುಕೊಂಡಿದ್ದೆ. ಕೌಂಟರಿನವಳು ಕಂಪ್ಯೂಟರಿನಲ್ಲಿ ನೋಡಿ, “ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು ಮೇಡಂ, ಕೆವೈಸಿ ಆಗಿಲ್ಲ” ಎಂದಳು. ಕನೆಕ್ಷನ್ ಮಾವನವರ ಹೆಸರಿನಲ್ಲಿತ್ತು. ಅವರು ತೀರಿಕೊಂಡು ವರ್ಷಗಳಾಗಿವೆ. ಫೋನಿನಲ್ಲಿ ಬುಕ್ ಮಾಡಿದರೆ ಸಿಲಿಂಡರ್ ಬರುತ್ತಿತ್ತು, ಹಾಗಾಗಿ ಹೆಸರು ಬದಲಾಯಿಸುವ ಸಂದರ್ಭವೇ ಬಂದಿರಲಿಲ್ಲ.

ಅಲ್ಲಿಂದ ಕಾಗದಪತ್ರಗಳ ಕಾಲ. ಮರಣ ಪ್ರಮಾಣಪತ್ರ ಮನೆಯಲ್ಲಿತ್ತು. ಕನೆಕ್ಷನ್ ಕೊಟ್ಟಾಗ ಕೊಡುವ ಎಸ್‌ವಿ ಎಂಬ ಠೇವಣಿ ಚೀಟಿ ಸಿಗಲಿಲ್ಲ. ಮಾವನವರ ಟ್ರಂಕು, ಬೀರು, ಹಳೆಯ ಪಂಚಾಂಗಗಳ ಕಟ್ಟು ಎಲ್ಲ ಹುಡುಕಿಯಾಯಿತು. ಕಡೆಗೆ ಅದು ಕಳೆದಿದೆ ಎಂದು ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಮಾಡಿಸಬೇಕಾಯಿತು. ಅತ್ತೆಯವರ ಹೆಸರಿಗೆ ಮಾಡಿಸಲು ಉಳಿದ ವಾರಸುದಾರರ ತಕರಾರಿಲ್ಲ ಎಂಬ ಸಹಿಯೂ ಬೇಕು ಎಂದರು. ನಮ್ಮ ಯಜಮಾನರು ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿ, ನಾದಿನಿ ಶಿವಮೊಗ್ಗದಲ್ಲಿ. ಕಾಗದ ಅಂಚೆಯಲ್ಲಿ ಹೋಗಿ ಸಹಿಯಾಗಿ ಬರುವಷ್ಟರಲ್ಲಿ ದಸರಾ ಬಂತು. ದಸರೆಯ ಹೊತ್ತಿನಲ್ಲಿ ಮೈಸೂರಿನಲ್ಲಿ ಇಂಥ ಕೆಲಸ ಒಂದೂ ಮುಂದೆ ಹೋಗುವುದಿಲ್ಲ. ಮೆರವಣಿಗೆಯೆಲ್ಲ ಮುಗಿದು ಊರು ತಣ್ಣಗಾದ ಮೇಲೆಯೇ ಅರ್ಜಿ ಒಳಗೆ ಹೋದದ್ದು.

ಕೊನೆಯ ಅಡ್ಡಿ ಬೆರಳಚ್ಚು. ಅತ್ತೆಯವರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಯಂತ್ರದ ಮೇಲೆ ಯಾವ ಬೆರಳು ಇಟ್ಟರೂ ಹೊಂದಲಿಲ್ಲ. ಜೀವಮಾನವಿಡೀ ಪಾತ್ರೆ ತಿಕ್ಕಿ, ರಾಗಿ ಬೀಸಿ ಗೆರೆ ಸವೆದ ಬೆರಳುಗಳು. “ನನ್ನ ಒಂದು ತಂಬಿಗೆ ಬಿಸಿನೀರಿಗೆ ಎಷ್ಟು ಜನಕ್ಕೆ ತೊಂದ್ರೆ ಕೊಡ್ತಿದೀನಿ ನೋಡು” ಎಂದು ಅವರು ತಲೆ ತಗ್ಗಿಸಿದಾಗ ನನಗೆ ಸಂಕಟವಾಯಿತು. ಏಜೆನ್ಸಿಯಲ್ಲೇ ಕೆಲಸ ಮಾಡುವ ಇನ್ನೊಬ್ಬ ಹುಡುಗ, ಮೊಬೈಲ್ ಆ್ಯಪಿನಲ್ಲಿ ಮುಖ ತೋರಿಸಿಯೂ ಆಧಾರ್ ದೃಢೀಕರಣ ಮಾಡಬಹುದು ಎಂದು ಹೇಳಿಕೊಟ್ಟ. ಮನೆಗೆ ಬಂದು ಜಗಲಿಯ ಬೆಳಕಿನಲ್ಲಿ ಕೂರಿಸಿ ಮಾಡಿದೆವು, ಆಯಿತು. ವಯಸ್ಸಾದವರನ್ನು ಏಜೆನ್ಸಿಗೆ ಕರೆದೊಯ್ಯುವ ಮೊದಲು ಈ ದಾರಿಯನ್ನು ಮನೆಯಲ್ಲೇ ನೋಡಿ. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಗ್ಯಾಸ್ ಕನೆಕ್ಷನ್ ಇದ್ದರೆ, ಗೀಸರ್ ಬೇಕಿರಲಿ ಬೇಡದಿರಲಿ, ಈಗಲೇ ಬದಲಾಯಿಸಿಕೊಳ್ಳಿ.

ಇಷ್ಟರಲ್ಲಿ ಪ್ಲಂಬರ್ ಬಂದು ಜಾಗ ನೋಡಿದ. ವರುಣದ ಕಡೆಯ ಹುಡುಗ, ಕೆಲಸದಲ್ಲಿ ಚುರುಕು. ಬಚ್ಚಲ ಗೋಡೆಗೆ ಕೈ ತೋರಿಸಿ, “ಇಲ್ಲೇ ಹೊಡ್ದುಬುಡ್ತೀನಿ ಅಕ್ಕ, ಪೈಪೂ ಉಳೀತದೆ. ಸಿಲಿಂಡರ್ ಹೊರ್ಗಡೆ ಮಡಗಿದ್ರಾಯ್ತು” ಎಂದ. ನಾನು ಬೇಡ ಎಂದೆ. “ಎಲ್ಲಾರೂ ಬಚ್ಚಲಲ್ಲೇ ಹಾಕುಸ್ತಾರೆ, ವೆಂಟಿಲೇಟರ್ ಐತಲ್ಲ, ಏನೂ ಆಗಕಿಲ್ಲ” ಎಂದ. ಗೀಸರ್ ಮಾರಿದ ಅಂಗಡಿಯವರೂ ಇದನ್ನೇ ಹೇಳಿದ್ದರು. ಈ ಇಡೀ ಬರಹದಲ್ಲಿ ನೀವು ಒಂದೇ ಒಂದು ಭಾಗವನ್ನು ಓದುವುದಾದರೆ ಮುಂದಿನ ಮಾತುಗಳನ್ನು ಓದಿ.

ಒಂದು ಕಿಲೋ ಗ್ಯಾಸ್ ಪೂರ್ತಿ ಉರಿಯಲು ಹನ್ನೆರಡು ಘನ ಮೀಟರಿಗೂ ಹೆಚ್ಚು ಗಾಳಿ ಬೇಕು. ಆರು ಲೀಟರಿನ ಗೀಸರ್ ಹತ್ತು ನಿಮಿಷ ಜೋರಾಗಿ ಉರಿದರೆ 160 ಗ್ರಾಂ ಹತ್ತಿರ ಗ್ಯಾಸ್ ಬಳಸುತ್ತದೆ, ಅಂದರೆ ಎರಡು ಘನ ಮೀಟರ್ ಗಾಳಿ. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿಯೇ ಐದೂವರೆ ಘನ ಮೀಟರ್. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರ ಪಾಲಿನ ಆಮ್ಲಜನಕವನ್ನು ಗೀಸರ್ ಎಷ್ಟು ಬೇಗ ಕಬಳಿಸುತ್ತದೆ ಎಂದು ನೀವೇ ಲೆಕ್ಕ ಹಾಕಿ. ಆಮ್ಲಜನಕ ಕಡಿಮೆಯಾದಂತೆ ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಅಡುಗೆ ಅನಿಲ ಸೋರಿದರೆ ಗೊತ್ತಾಗಲೆಂದು ವಾಸನೆ ಬೆರೆಸಿರುತ್ತಾರೆ. ಈ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೊದಲು ತಲೆನೋವು, ಸುಸ್ತು, ಆಮೇಲೆ ಕೈಕಾಲು ಬಿದ್ದುಹೋಗುತ್ತವೆ. ಬಾಗಿಲು ತೆಗೆಯಬೇಕೆಂದು ತೋಚಿದರೂ ಏಳಲಾಗುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಕು ಎನ್ನುವವರಿದ್ದಾರೆ. ಹೊರಗಿನ ಗಾಳಿ ಬರಲು ಜಾಗವಿಲ್ಲದ ಬಚ್ಚಲಲ್ಲಿ ಫ್ಯಾನು ಗೀಸರಿನ ಹೊಗೆಯನ್ನೇ ಕೆಳಗೆ ಎಳೆಯಬಹುದು. ಕರೆಂಟು ಹೋದರಂತೂ ಫ್ಯಾನೂ ನಿಲ್ಲುತ್ತದೆ.

ನಾವು ಈ ಚರ್ಚೆಯಲ್ಲಿರುವಾಗಲೇ, 2025ರ ಅಕ್ಟೋಬರಿನಲ್ಲಿ, ದೀಪಾವಳಿ ಮುಗಿದ ಬೆನ್ನಿಗೆ ಪಿರಿಯಾಪಟ್ಟಣದಿಂದ ಸುದ್ದಿ ಬಂತು. ಸ್ನಾನಕ್ಕೆ ಹೋದ ಅಕ್ಕತಂಗಿಯರಿಬ್ಬರು ಗ್ಯಾಸ್ ಗೀಸರಿನ ಅನಿಲಕ್ಕೆ ಬಚ್ಚಲಲ್ಲೇ ಜೀವ ಬಿಟ್ಟಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗೀಸರೇ ಬೇಡ, ತಣ್ಣೀರಾದರೂ ಸರಿ ಎನ್ನಿಸಿತು. ಆ ಹೆಣ್ಣುಮಕ್ಕಳ ಮನೆಯಲ್ಲಿ ಯಾರಿಗೂ ಇದನ್ನು ಯಾರೂ ಹೇಳಿರಲಾರರು ಎಂಬ ಯೋಚನೆಯೇ ಮತ್ತೆ ಮತ್ತೆ ಬರುತ್ತಿತ್ತು. ಮರುದಿನ ಪ್ಲಂಬರನೇ ಫೋನ್ ಮಾಡಿ, “ಅಕ್ಕ, ನೀವು ಯೋಳಿದ್ ಜಾಗ್ದಲ್ಲೇ ಹಾಕುವ” ಎಂದ.

ಆ ಜಾಗ ಅಡುಗೆಮನೆಯ ಹಿಂದಿನ ಯುಟಿಲಿಟಿ. ಪಾತ್ರೆ ತೊಳೆಯುವ, ವಾಷಿಂಗ್ ಮೆಷಿನ್ ಇಟ್ಟಿರುವ ಜಾಗ. ಎರಡು ಕಡೆ ಬರೀ ಗ್ರಿಲ್ಲು, ಮೇಲೆ ಶೀಟು. ಗಾಳಿ ಸದಾ ಆಡುತ್ತದೆ, ಆದರೆ ಮಳೆಯ ಎರಚಲು ಗೀಸರಿಗೆ ತಾಗುವುದಿಲ್ಲ. ಅಡುಗೆಮನೆಯ ಕಿಟಕಿಗೂ ಅತ್ತೆಯವರ ಕೋಣೆಯ ಕಿಟಕಿಗೂ ದೂರವಾದ ಮೂಲೆಯನ್ನೇ ಆರಿಸಿದೆ, ಹೊಗೆ ತಿರುಗಿ ಮನೆಯೊಳಗೆ ಬರಬಾರದು. ಅಲ್ಲಿಂದ ಬಚ್ಚಲಿಗೆ ಬಿಸಿನೀರು ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು, ಹದಿನೈದು ಅಡಿ. ದಪ್ಪ ಪೈಪು ಹಾಕಿದರೆ ಅದರಲ್ಲಿ ನಿಂತ ತಣ್ಣೀರು ಹರಿದುಹೋಗುವವರೆಗೆ ಕಾಯಬೇಕು ಎಂದು ಅರ್ಧ ಇಂಚಿನದೇ ಹಾಕಿಸಿದೆ. ಒಂದು ತಂಬಿಗೆಗೂ ಕಡಿಮೆ ನೀರು ಹೋಗುತ್ತಲೇ ಬಿಸಿನೀರು ಬರುತ್ತದೆ.

ಸೋಲಾರ್ ನೀರೂ ಗ್ಯಾಸ್ ನೀರೂ ಒಂದೇ ನಲ್ಲಿಗೆ ಬರಬೇಕು, ಆದರೆ ಒಂದರೊಳಗೆ ಒಂದು ಹೋಗಬಾರದು. ಇದಕ್ಕೆ ಎರಡು ಲೈನು ಕೂಡುವಲ್ಲಿ ಮೂರು ದಾರಿಯ ವಾಲ್ವ್ ಹಾಕಿಸಿದೆವು. ಹಿಡಿ ಒಂದು ಕಡೆ ಇದ್ದರೆ ಸೋಲಾರ್, ಇನ್ನೊಂದು ಕಡೆ ತಿರುಗಿಸಿದರೆ ಗ್ಯಾಸ್. ಗೀಸರಿಗೆ ಹೋಗುವುದು ಟ್ಯಾಂಕಿನ ತಣ್ಣೀರು ಮಾತ್ರ. ಅತ್ತೆಯವರಿಗೆ ತಿಳಿಯಲೆಂದು ಹಿಡಿಯ ಪಕ್ಕ ಒಂದು ಕಡೆ ಸೂರ್ಯನ ಚಿತ್ರ, ಇನ್ನೊಂದು ಕಡೆ ಉರಿಯ ಚಿತ್ರ ಬರೆದೆ.

ಗ್ಯಾಸಿನ ಕೆಲಸವನ್ನು ಪ್ಲಂಬರನಿಂದ ಮಾಡಿಸಬೇಡಿ. ಏಜೆನ್ಸಿಯ ಮೆಕ್ಯಾನಿಕ್ ಬಂದು ರಬ್ಬರ್ ಟ್ಯೂಬಿಗೇ ‘T’ ಆಕಾರದ ತುಂಡು ಹಾಕಿ ಎರಡು ಕವಲು ಮಾಡುವ ಮಾತನ್ನು ಮೊದಲೇ ತಳ್ಳಿಹಾಕಿದರು. ಸಿಲಿಂಡರಿನಿಂದ ತಾಮ್ರದ ಪೈಪು ಎಳೆದು, ಒಲೆಗೊಂದು ಗೀಸರಿಗೊಂದು ಬೇರೆ ಬೇರೆ ವಾಲ್ವ್ ಕೂರಿಸಿ, ಕೊನೆಯ ತುಂಡಿಗೆ ಮಾತ್ರ ‘ಸುರಕ್ಷಾ’ ಎಂಬ ಗ್ಯಾಸಿನ ರಬ್ಬರ್ ಟ್ಯೂಬ್ ಬಳಸಿದರು. ಆ ಟ್ಯೂಬು ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಎಲ್ಲ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿದರು. ಒಂದು ಕಡೆ ಬಂತು, ಬಿಗಿ ಮಾಡಿದರು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಅದಕ್ಕೇ ಸಿಲಿಂಡರ್ ಇರುವ ಕಡೆ ತಗ್ಗು, ಮುಚ್ಚಿದ ಸಂದಿ ಇರಬಾರದು ಎಂದೂ ತೋರಿಸಿಕೊಟ್ಟರು. ಹೊಸ ಪೈಪಿನಲ್ಲಿ ಗಾಳಿ ತುಂಬಿದ್ದರಿಂದ ಮೊದಲು ಕಿಡಿ ಟಿಕಟಿಕ ಎಂದು ಹಾರಿತೇ ಹೊರತು ಉರಿ ಹತ್ತಲಿಲ್ಲ. ಹಾಗಾದರೆ ಗಾಬರಿಯಾಗಬೇಡಿ, ನಲ್ಲಿ ನಿಲ್ಲಿಸಿ ಸ್ವಲ್ಪ ಬಿಟ್ಟು ಮತ್ತೆ ತಿರುಗಿಸಿ. ಉರಿ ನೀಲಿಯಾಗಿರಬೇಕು. ಹಳದಿ ಕಂಡರೆ ಗಾಳಿ ಸಾಲದು ಅಥವಾ ಬರ್ನರಿನಲ್ಲಿ ಕಸ ಕಟ್ಟಿದೆ, ಅವತ್ತೇ ಆರಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನೂ ತಂದೆ. ನಾನು ಕೇಳಿದ ಅಂಗಡಿಗಳಲ್ಲೆಲ್ಲ ಗ್ಯಾಸ್ ಸೋರಿಕೆಯ ಅಲಾರಂ ತೋರಿಸಿದರು, ಅದು ಬೇರೆ. ಇದನ್ನು ಆನ್‌ಲೈನಿನಲ್ಲಿ ತರಿಸಿ ಅಡುಗೆಮನೆಯ ಒಳಗೆ, ಉಸಿರಾಡುವ ಎತ್ತರಕ್ಕೆ ಹಾಕಿದ್ದೇನೆ.

ಖರ್ಚು ಹೀಗಾಯಿತು. ಗೀಸರ್ 6,500, ತಾಮ್ರದ ಪೈಪು ಮತ್ತು ಗ್ಯಾಸ್ ಜೋಡಣೆ 3,200, ನೀರಿನ ಪೈಪು, ವಾಲ್ವ್, ಪ್ಲಂಬರ್ ಕೂಲಿ ಸೇರಿ 5,400, ಸಿಲಿಂಡರ್ ಠೇವಣಿ 2,200, ಅಲಾರಂ 1,900. ಒಟ್ಟು 19,200 ರೂಪಾಯಿ. ಛಾಪಾ ಕಾಗದ, ನೋಟರಿ, ಆಟೋ ಖರ್ಚು ಬೇರೆ. ಬಚ್ಚಲಲ್ಲೇ ಹಾಕಿಸಿದ್ದರೆ ಮೂರು ಸಾವಿರ ಉಳಿಯುತ್ತಿತ್ತು ಎಂದು ಈಗಲೂ ಹೇಳುವವರಿದ್ದಾರೆ. ಅವರ ಜೊತೆ ನಾನು ಮಾತು ಬೆಳೆಸುವುದಿಲ್ಲ, ಐದೂವರೆ ಘನ ಮೀಟರಿನ ಲೆಕ್ಕ ಹೇಳುತ್ತೇನೆ.

ಡಿಸೆಂಬರಿನ ಚಳಿಯಲ್ಲಿ ಶುರುವಾದ ಬಳಕೆ ಈಗ ಒಂದು ಕ್ರಮಕ್ಕೆ ಬಂದಿದೆ. ಹಿಂದಿನ ದಿನ ಬಿಸಿಲಿದ್ದರೆ ವಾಲ್ವ್ ಸೂರ್ಯನ ಕಡೆಗೇ ಇರುತ್ತದೆ. ಮೋಡವಿದ್ದರೆ, ಕರೆಂಟು ಇರಲಿ ಹೋಗಿರಲಿ, ಉರಿಯ ಕಡೆಗೆ. ಒಂದೇ ರೆಗ್ಯುಲೇಟರಿನಿಂದ ಒಲೆಯೂ ಗೀಸರೂ ಒಟ್ಟಿಗೆ ಉರಿದರೆ ಒಲೆಯ ಉರಿ ಸಣ್ಣಗಾಗುತ್ತದೆ, ಹಾಗಾಗಿ ಅತ್ತೆಯವರ ಸ್ನಾನವಾದ ಮೇಲೆಯೇ ನಾನು ಒಲೆ ಹಚ್ಚುತ್ತೇನೆ. ಎರಡು ಬ್ಯಾಟರಿ ಸದಾ ಮನೆಯಲ್ಲಿಟ್ಟಿರುತ್ತೇನೆ. ಕಿಡಿ ಕುಂದಿದರೆ ಉರಿ ತಡವಾಗಿ ಹತ್ತಿ ‘ಭುಗ್’ ಎಂದು ಸದ್ದಾಗುತ್ತದೆ, ಅಲ್ಲಿಯವರೆಗೆ ಬಿಡಬಾರದು. ನಮ್ಮದು ಕಾವೇರಿ ನೀರಾದ್ದರಿಂದ ವರ್ಷಕ್ಕೊಮ್ಮೆ ಬರ್ನರ್, ಒಳಗಿನ ಜಾಲರಿ ಶುಚಿ ಮಾಡಿಸಿದರೆ ಸಾಕು ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಬೋರ್ ನೀರಿನ ಬಡಾವಣೆಯವರು ಆರು ತಿಂಗಳಿಗೊಮ್ಮೆ ಸುಣ್ಣ ತೆಗೆಸಬೇಕಂತೆ. ಆ ಕೆಲಸವನ್ನು ಮಳೆಗಾಲಕ್ಕೆ ಮೊದಲೇ, ಏಪ್ರಿಲ್-ಮೇ ತಿಂಗಳಲ್ಲೇ ಮಾಡಿಸಿಕೊಳ್ಳಿ. ಜೂನ್ ಬಂದರೆ ಮೆಕ್ಯಾನಿಕ್ ಸಿಗುವುದು ಕಷ್ಟ.